ಹಳೇ ಆಂಪ್ಲಿಫೈಯರ್ ಬಿಚ್ಚೋದು ಹೇಗೆ? ಹೈ-ಫೈ ರಿಪೇರಿಯ ಕೈಪಿಡಿ, ಜೊತೆಗೆ ಒಂದಿಷ್ಟು ರಾಜಕೀಯ

ನಿಮ್ಮ ಬ್ಲೂಟೂತ್ ಸ್ಪೀಕರನ್ನು ಒಮ್ಮೆ ಕೈಗೆತ್ತಿಕೊಂಡು ತಿರುಗಿಸಿ ನೋಡಿ. ಸ್ಕ್ರೂ ಎಲ್ಲಿದೆ? ಹೆಚ್ಚಿನ ಸ್ಪೀಕರ್‌ಗಳಲ್ಲಿ ಕಾಣೋದೇ ಇಲ್ಲ. ಅಂಟು ಹಾಕಿ ಮುಚ್ಚಿದ ಡಬ್ಬಿ ಅದು. ಒಳಗಿನ ಬ್ಯಾಟರಿ ಸೋತ ದಿನ ಇಡೀ ಸ್ಪೀಕರ್ ಗುಜರಿಗೆ ಹೋಗುತ್ತೆ.

ಈಗ 1970ರ ದಶಕದ ಒಂದು ಸ್ಟೀರಿಯೊ ಆಂಪ್ಲಿಫೈಯರ್ ನೋಡಿ. ಮೇಲಿನ ತಗಡಿಗೆ ನಾಲ್ಕೋ ಆರೋ ಸ್ಕ್ರೂ. ಸಾಮಾನ್ಯ ಸ್ಕ್ರೂಡ್ರೈವರ್ ಸಾಕು, ಎರಡು ನಿಮಿಷದಲ್ಲಿ ಅದರ ಹೊಟ್ಟೆ ನಿಮ್ಮ ಮುಂದೆ ತೆರೆದಿರುತ್ತೆ. ಬೋರ್ಡಿನ ಮೇಲೆ ಬಿಡಿಭಾಗಗಳ ಪಕ್ಕ ಅವುಗಳ ನಂಬರ್ ಅಚ್ಚಾಗಿರುತ್ತೆ. ಆ ನಂಬರ್ ಹಿಡಿದು ಕಂಪನಿಯೇ ಅಚ್ಚು ಹಾಕಿಸಿದ್ದ ಸರ್ವಿಸ್ ಮ್ಯಾನ್ಯುಯಲ್ ತೆರೆದರೆ ಆ ಭಾಗ ಯಾವುದು, ಅದು ಎಲ್ಲಿಗೆ ಜೋಡಣೆಯಾಗಿದೆ, ಅಲ್ಲಿ ಎಷ್ಟು ವೋಲ್ಟ್ ಇರಬೇಕು ಎಲ್ಲವೂ ಸಿಗುತ್ತೆ. ನಮ್ಮ ಅಜ್ಜಂದಿರ ಕಾಲದ ಎಷ್ಟೋ ವಾಲ್ವ್ ರೇಡಿಯೊಗಳಲ್ಲಂತೂ ಸರ್ಕ್ಯೂಟ್ ಚಿತ್ರವನ್ನು ಪೆಟ್ಟಿಗೆಯ ಒಳಗೇ ಅಂಟಿಸಿರುತ್ತಿದ್ದರು.

ಒಂದನ್ನು ಮುಂದೊಂದು ದಿನ ಯಾರೋ ಬಿಚ್ಚುತ್ತಾರೆ ಅಂತ ತಿಳಿದೇ ಕಟ್ಟಿದ್ದರು. ಇನ್ನೊಂದನ್ನು ಯಾರೂ ಬಿಚ್ಚಬಾರದು ಅಂತ ಕಟ್ಟಿದ್ದಾರೆ. ದುಡ್ಡು ಕೊಟ್ಟು ಕೊಂಡ ವಸ್ತು ನಿಜಕ್ಕೂ ಯಾರದ್ದು ಅನ್ನೋ ಪ್ರಶ್ನೆ ಈ ವ್ಯತ್ಯಾಸದಲ್ಲೇ ಇದೆ. ಹಳೇ ಹೈ-ಫೈ ಹುಚ್ಚನ್ನು ಬರೀ ಹಳೇ ನೆನಪಿನ ಚಪಲ ಅಂತ ನಾನು ನೋಡದೇ ಇರೋದು ಇದಕ್ಕೇ.

ನಾನು ಎಂಜಿನಿಯರ್ ಅಲ್ಲ. ಕೆಲವು ವರ್ಷಗಳಿಂದ ಇಂಥ ಸೆಟ್‌ಗಳನ್ನು ತಂದು, ಬಿಚ್ಚಿ, ಸರಿ ಮಾಡಿಕೊಂಡು ಹಾಡು ಕೇಳುತ್ತಾ ಬಂದವನು. ಏನು ಕೊಳ್ಳಬೇಕು, ಏನು ಕೆಡುತ್ತೆ, ಯಾವುದಕ್ಕೆ ಕೈ ಹಾಕಬಹುದು, ಯಾವುದಕ್ಕೆ ಹಾಕಬಾರದು ಅನ್ನೋದನ್ನು ಹೊಸಬರಿಗೆ ಉಪಯೋಗವಾಗುವ ಹಾಗೆ ಇಲ್ಲಿ ಹೇಳುತ್ತೇನೆ.

ಹೈ-ಫೈ ಅಂದ್ರೆ ಏನು, ನಮ್ಮಲ್ಲಿಗೆ ಬಂದಿದ್ದು ಹೇಗೆ?

ಹೈ ಫಿಡೆಲಿಟಿ ಅಂದ್ರೆ ಮೂಲ ದನಿಗೆ ಹೆಚ್ಚು ನಿಷ್ಠೆ ಅಂತ ಅರ್ಥ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ನಿಮಿಷಕ್ಕೆ 33⅓ ಸುತ್ತು ತಿರುಗುವ ಎಲ್‌ಪಿ ತಂದಿತು. 1950ರ ದಶಕದ ಕೊನೆಗೆ ಸ್ಟೀರಿಯೊ ಎಲ್‌ಪಿಗಳು ಅಂಗಡಿಗೆ ಬಂದವು. 1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ ತೋರಿಸಿತು. 1970ರ ದಶಕದಲ್ಲಿ ಸನ್ಸುಯಿ, ಪಯೋನಿಯರ್, ಕೆನ್‌ವುಡ್, ಟೆಕ್ನಿಕ್ಸ್‌ನಂಥ ಜಪಾನಿ ಹೆಸರುಗಳು ಮಧ್ಯಮ ವರ್ಗದ ಮನೆಗೂ ಎಟುಕುವ ಬೆಲೆಗೆ ಒಳ್ಳೆ ಆಂಪ್ಲಿಫೈಯರ್, ಟರ್ನ್‌ಟೇಬಲ್‌ಗಳನ್ನು ಲಕ್ಷಗಟ್ಟಲೆ ಮಾಡಿದವು. 1982ರಲ್ಲಿ ಸಿ.ಡಿ. ಬಂತು. ಈ ನಡುವಿನ ಕಾಲದ, ಅಂದ್ರೆ ಸುಮಾರು 1965ರಿಂದ 1985ರವರೆಗಿನ ಸೆಟ್‌ಗಳೇ ಇವತ್ತು ರಿಪೇರಿ ಹವ್ಯಾಸಿಗಳ ಮುಖ್ಯ ಆಸ್ತಿ.

ಎಟುಕುವ ಬೆಲೆ ಅಂದೆನಲ್ಲ, ಅದು ಅಮೆರಿಕ, ಯುರೋಪಿನ ಮಾತು. ನಮ್ಮಲ್ಲಿ ಲೈಸೆನ್ಸ್ ರಾಜ್ಯದ ಕಾಲ. 1980ರ ದಶಕದ ಮಧ್ಯದವರೆಗೂ ಮನೆಯಲ್ಲಿ ರೇಡಿಯೊ ಇಟ್ಟುಕೊಳ್ಳೋಕೂ ಲೈಸೆನ್ಸ್ ಬೇಕಿತ್ತು. ವಿದೇಶಿ ಸೆಟ್ ತರಬೇಕಂದ್ರೆ ಕಸ್ಟಮ್ಸ್ ಸುಂಕ ಬೆನ್ನು ಮುರಿಯುತ್ತಿತ್ತು. ಹಾಗಾಗಿ ಕರಾವಳಿಯಲ್ಲಿ ದುಬೈ, ಮಸ್ಕತ್, ಬಹರೇನ್‌ಗೆ ಕೆಲಸಕ್ಕೆ ಹೋದವರು ಹೊತ್ತು ತಂದ ಸೆಟ್‌ಗಳೇ ಎಷ್ಟೋ ಮನೆಗಳ ಮೊದಲ ಸ್ಟೀರಿಯೊ. ಮಂಗಳೂರು, ಉಡುಪಿ, ಭಟ್ಕಳದ ಕಡೆ ಅಟ್ಟದ ಮೇಲೆ ಇವತ್ತಿಗೂ ಜಪಾನಿ ಡೆಕ್‌ಗಳು ಸಿಗೋದು ಸುಮ್ಮನೆ ಅಲ್ಲ. ಅವುಗಳ ಹಿಂದೆ ಗಲ್ಫ್‌ನಲ್ಲಿ ದುಡಿದವರ ಬೆವರಿದೆ.

ಹಾಗಂತ ನಾವು ಬರೀ ಕೊಂಡುಕೊಂಡವರಲ್ಲ. ಬೆಂಗಳೂರಿನ ಜಾಲಹಳ್ಳಿಯ ಬಿ.ಇ.ಎಲ್. 1954ರಲ್ಲಿ ಹುಟ್ಟಿದ ಸರ್ಕಾರಿ ಕಾರ್ಖಾನೆ. ಅದು 1961ರಲ್ಲಿ ರೇಡಿಯೊ ವಾಲ್ವ್‌ಗಳನ್ನೂ 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್‌ನಂಥ ಭಾಗಗಳನ್ನೂ ಮಾಡೋಕೆ ಶುರು ಮಾಡಿತು. ಕೋಲ್ಕತ್ತಾದಲ್ಲಿ 1970ರಲ್ಲಿ ಶುರುವಾದ ಸೋನೊಡೈನ್ ಇಲ್ಲಿಯದೇ ಹೈ-ಫೈ ಮಾಡಿತು. ಹಳೇ ದೇಶಿ ಸೆಟ್ ಬಿಚ್ಚಿದಾಗ ಒಳಗೆ ಬಿ.ಇ.ಎಲ್. ಅಂತ ಅಚ್ಚಾದ ಭಾಗ ಕಂಡರೆ ಅದನ್ನು ಕಿತ್ತೆಸೆಯಬೇಡಿ. ಅದು ನಮ್ಮ ಊರಿನ ಕಾರ್ಮಿಕರ ಕೈಕೆಲಸ.

ಇನ್ನೂ ಹಿಂದಕ್ಕೆ ಹೋದರೆ ನಂಟು ಮತ್ತೂ ಗಟ್ಟಿ. ಎಲ್‌ಪಿಗಿಂತ ಮುಂಚಿನ 78 ಸುತ್ತಿನ ತಟ್ಟೆಗಳನ್ನು ಮಾಡುತ್ತಿದ್ದುದು ಶೆಲ್ಲಾಕ್‌ನಿಂದ, ಅಂದ್ರೆ ಅರಗಿನಿಂದ. ಪಾಂಡವರ ಅರಗಿನ ಮನೆ ಕಥೆಯಲ್ಲಿ ಬರುತ್ತಲ್ಲ, ಅದೇ ಅರಗು. ಜಗತ್ತಿಗೆ ಅರಗು ಒದಗಿಸುತ್ತಿದ್ದ ಮುಖ್ಯ ನಾಡು ಭಾರತ. ಅದರಲ್ಲೂ ಇವತ್ತಿನ ಜಾರ್ಖಂಡ್ ಮತ್ತು ಸುತ್ತಲಿನ ಕಾಡುಗಳ ಆದಿವಾಸಿಗಳು ಮರದಿಂದ ಬಿಡಿಸಿ ತಂದ ಅರಗು. ಹಾಡುಗಾರರ ಹೆಸರು ತಟ್ಟೆಯ ಮೇಲೆ ಉಳಿಯಿತು, ಅರಗು ಬಿಡಿಸಿದವರ ಹೆಸರು ಎಲ್ಲೂ ಇಲ್ಲ.

ವ್ಯಾಟ್ ಲೆಕ್ಕದ ರಾಜಕೀಯ

ಕೊಳ್ಳುವ ಮುಂಚೆ ಒಂದು ಲೆಕ್ಕ ಗೊತ್ತಿರಲಿ. 1990ರ ದಶಕದಲ್ಲಿ ನಮ್ಮ ಅಂಗಡಿಗಳ ಟೇಪ್ ರೆಕಾರ್ಡರ್ ಮೇಲೆ ‘1000 ವ್ಯಾಟ್ ಪಿ.ಎಂ.ಪಿ.ಒ.’ ಅಂತ ಮಿಂಚುವ ಸ್ಟಿಕ್ಕರ್ ಇರುತ್ತಿತ್ತು. ಪಿ.ಎಂ.ಪಿ.ಒ. ಅನ್ನೋದಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ. ಕಂಪನಿ ಏನು ಬರೆದರೆ ಅದೇ. 12 ವೋಲ್ಟ್, 1 ಆಂಪಿಯರ್ ಅಡಾಪ್ಟರಿನಿಂದ ಓಡುವ ಡಬ್ಬಿಗೆ ಒಳಗೆ ಹೋಗೋದೇ 12 ವ್ಯಾಟ್. ಹೊರಗೆ ಸಾವಿರ ಬರೋಕೆ ಅದೇನು ಅಕ್ಷಯ ಪಾತ್ರೆಯೇ?

ಅಮೆರಿಕದಲ್ಲೂ ಹಿಂದೆ ಇದೇ ಆಟ ನಡೆಯುತ್ತಿತ್ತು. 1974ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ನಿಯಮ ತಂದಿತು. ಮನೆಯ ಆಂಪ್ಲಿಫೈಯರಿನ ಪವರ್ ಜಾಹೀರಾತು ಮಾಡುವುದಾದರೆ ಎರಡೂ ಚಾನೆಲ್ ಒಟ್ಟಿಗೆ ಓಡುವಾಗ ನಿರಂತರವಾಗಿ ಕೊಡುವ ವ್ಯಾಟ್ ಎಷ್ಟು, ಎಷ್ಟು ಓಮ್ ಸ್ಪೀಕರಿಗೆ, ಯಾವ ಫ್ರೀಕ್ವೆನ್ಸಿಯಿಂದ ಯಾವುದರವರೆಗೆ, ದನಿ ಎಷ್ಟು ವಿಕಾರವಾಗುತ್ತೆ ಎಲ್ಲವನ್ನೂ ಹೇಳಲೇಬೇಕು ಅಂತ. 1970ರ ದಶಕದ ದ್ವಿತೀಯಾರ್ಧದ ಸೆಟ್‌ಗಳ ವಿವರಪಟ್ಟಿ ಇವತ್ತಿಗೂ ನಂಬಲರ್ಹ ಆಗಿರೋದಕ್ಕೆ ಈ ನಿಯಮ ದೊಡ್ಡ ಕಾರಣ. ಆ ಕಾಲದ ಕಂಪನಿಗಳು ಪ್ರಾಮಾಣಿಕವಾಗಿದ್ದವು ಅಂತ ಹೊಗಳುವವರು ಇದನ್ನು ಮರೀತಾರೆ. ಕಂಪನಿಗಳು ಹುಟ್ಟಾ ಸತ್ಯ ಹರಿಶ್ಚಂದ್ರರೇನಲ್ಲ. ಕಾನೂನು ಅವುಗಳ ಬಾಯಲ್ಲಿ ನಿಜ ಹೇಳಿಸಿತು.

ಹಾಗಾಗಿ ಪ್ರತಿ ಚಾನೆಲ್‌ಗೆ 25 ವ್ಯಾಟ್ ಅಂತ ಬರೆದ 1977ರ ಆಂಪ್ಲಿಫೈಯರನ್ನು ಕಡೆಗಣಿಸಬೇಡಿ. ಮನೆಯಲ್ಲಿ ಸಾಧಾರಣ ದನಿಯಲ್ಲಿ ಕೇಳುವಾಗ ನಾವು ಬಳಸೋದು ಹೆಚ್ಚಾಗಿ ಒಂದೆರಡು ವ್ಯಾಟ್ ಮಾತ್ರ. ವ್ಯಾಟ್ ಎರಡು ಪಟ್ಟಾದರೆ ದನಿ ಏರೋದು 3 ಡೆಸಿಬಲ್, ಅಂದ್ರೆ ಸ್ವಲ್ಪವೇ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು.

ಕೊಳ್ಳುವ ಮುನ್ನ ನೋಡಬೇಕಾದ್ದು

ಗುಜರಿ ಅಂಗಡಿ, ಬೆಂಗಳೂರಿನ ಸಂಡೇ ಬಜಾರ್, ನೆಂಟರ ಅಟ್ಟ. ಸೆಟ್ ಎಲ್ಲೇ ಸಿಗಲಿ, ಪ್ಲಗ್ ಹಾಕೋಕೆ ಮುಂಚೆ ಹಿಂಬದಿ ಓದಿ.

ಮೊದಲನೆಯದು ವೋಲ್ಟೇಜ್. ಜಪಾನಿನ ಒಳಗೆ ಮಾರಾಟಕ್ಕೆ ಮಾಡಿದ ಸೆಟ್ 100 ವೋಲ್ಟಿನದು, ಅಮೆರಿಕದ್ದು 120. ನಮ್ಮ ಮನೆಯಲ್ಲಿ ಬರೋದು 230. ನೇರ ಚುಚ್ಚಿದರೆ ಸೆಟ್ ಹೊಗೆಯಾಗುತ್ತೆ. ಕೆಲವು ರಫ್ತು ಮಾದರಿಗಳ ಹಿಂದೆ ವೋಲ್ಟೇಜ್ ಬದಲಿಸುವ ಗುಂಡಿ ಇರುತ್ತೆ. ಇಲ್ಲದಿದ್ದರೆ ತಕ್ಕ ಸಾಮರ್ಥ್ಯದ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇಬೇಕು.

ಎರಡನೆಯದು ಹರ್ಟ್ಜ್. ಅಮೆರಿಕದ ಕರೆಂಟ್ 60 ಹರ್ಟ್ಜ್, ನಮ್ಮದು 50. ಆಂಪ್ಲಿಫೈಯರಿಗೆ ಇದು ಅಷ್ಟಾಗಿ ತೊಂದರೆ ಕೊಡಲ್ಲ. ಆದರೆ ಎ.ಸಿ. ಮೋಟಾರಿನ ಟರ್ನ್‌ಟೇಬಲ್ ಇಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಷ್ಟೇ ತಿರುಗುತ್ತೆ. ಹಾಡುಗಾರರಿಗೆಲ್ಲ ನಿದ್ದೆ ಬಂದ ಹಾಗೆ ಕೇಳುತ್ತೆ. 50 ಹರ್ಟ್ಜ್‌ನ ಪುಲ್ಲಿ ಸಿಗುತ್ತಾ ಅಂತ ವಿಚಾರಿಸಿಯೇ ಕೊಳ್ಳಿ.

ಮೂರನೆಯದು ಎಫ್‌.ಎಂ. ಜಪಾನಿನ ಹಳೇ ದೇಶೀಯ ಟ್ಯೂನರ್‌ಗಳ ಎಫ್‌.ಎಂ. ಪಟ್ಟಿ 76ರಿಂದ 90 ಮೆಗಾಹರ್ಟ್ಜ್‌ವರೆಗೆ ಮಾತ್ರ. ಬೆಂಗಳೂರಿನ ಎಫ್‌.ಎಂ. ರೇನ್‌ಬೋ ಇರೋದು 101.3ರಲ್ಲಿ, ವಿವಿಧ ಭಾರತಿ 102.9ರಲ್ಲಿ. ಅಂಥ ಟ್ಯೂನರಿನಲ್ಲಿ ಎರಡೂ ಸಿಗಲ್ಲ. ಆಂಪ್ಲಿಫೈಯರ್ ಮತ್ತು ರೇಡಿಯೊ ಎರಡೂ ಇರುವ ರಿಸೀವರ್ ಕೊಳ್ಳುವಾಗ ಡಯಲ್ ಮೇಲೆ 108ರವರೆಗೆ ಅಂಕಿ ಇದೆಯೇ ನೋಡಿ.

ನಾಲ್ಕನೆಯದು ಮೂಗು. ನಿಜ, ಮೂಸಿ ನೋಡಿ. ಸುಟ್ಟ ವಾಸನೆ ಬಂದರೆ, ಟ್ರಾನ್ಸ್‌ಫಾರ್ಮರ್ ಕಪ್ಪಾಗಿದ್ದರೆ ಬಿಡಿ. ಕೆಪಾಸಿಟರ್ ಬದಲಿಸೋದು ಸುಲಭ, ಸುಟ್ಟ ಟ್ರಾನ್ಸ್‌ಫಾರ್ಮರಿಗೆ ಜೋಡಿ ಹುಡುಕೋದು ಕಷ್ಟ. ಮುಂದಿನ ಫಲಕದ ಗುಂಡಿಗಳೆಲ್ಲ ಇದ್ದಾವೆಯೇ ಎಣಿಸಿ. ಕಳೆದುಹೋದ ಒಂದು ಗುಂಡಿ ಒಮ್ಮೊಮ್ಮೆ ಇಡೀ ರಿಪೇರಿಗಿಂತ ದುಬಾರಿ ಬೀಳುತ್ತೆ.

ಮೊದಲು ಜೀವ, ಆಮೇಲೆ ಹಾಡು

ಇಲ್ಲಿ ತಮಾಷೆ ಬೇಡ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತೆ. ನಮ್ಮ ಮೆಕ್ಯಾನಿಕ್‌ಗಳು ಕಂಡೆನ್ಸರ್ ಅಂತ ಕರೆಯೋದು ಇವನ್ನೇ. ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸಿ ಖಾಲಿ ಮಾಡೋದು ತಪ್ಪು ವಿಧಾನ. 5 ವ್ಯಾಟಿನ, ಕೆಲವು ನೂರು ಓಮಿನ ರೆಸಿಸ್ಟರನ್ನು ಎರಡೂ ತುದಿಗೆ ಕೆಲವು ಸೆಕೆಂಡ್ ಹಿಡಿದು, ಆಮೇಲೆ ಮಲ್ಟಿಮೀಟರಿನಲ್ಲಿ ಸೊನ್ನೆಗೆ ಬಂದಿದೆಯೇ ನೋಡಿ. ರೆಸಿಸ್ಟರಿನ ಕಾಲುಗಳನ್ನು ಬರಿಗೈಲಿ ಮುಟ್ಟದೆ ಇನ್ಸುಲೇಷನ್ ಇರುವ ಇಕ್ಕಳದಲ್ಲಿ ಹಿಡಿಯಿರಿ.

ಹೊಸಬರು ವಾಲ್ವ್ ಸೆಟ್‌ನಿಂದ ಶುರು ಮಾಡಬೇಡಿ. ಅದರೊಳಗೆ 300, 400 ವೋಲ್ಟ್ ಡಿ.ಸಿ. ಓಡುತ್ತಿರುತ್ತೆ. ಅದು ಕೊಲ್ಲುತ್ತೆ. ಟ್ರಾನ್ಸಿಸ್ಟರ್ ಸೆಟ್‌ನಿಂದ ಕಲಿಯಿರಿ. ಅಲ್ಲೂ ಪವರ್ ಸ್ವಿಚ್, ಫ್ಯೂಸ್, ಟ್ರಾನ್ಸ್‌ಫಾರ್ಮರಿನ ಒಳಬದಿಯಲ್ಲಿ 230 ವೋಲ್ಟ್ ಇರುತ್ತೆ ಅನ್ನೋದು ನೆನಪಿರಲಿ. ಹಳೇ ಬೆಸುಗೆಯಲ್ಲಿ ಸೀಸ ಇರುತ್ತೆ. ಕಿಟಕಿ ತೆರೆದಿಟ್ಟು ಕೆಲಸ ಮಾಡಿ, ಕೈ ತೊಳೆದೇ ಊಟಕ್ಕೆ ಕೂರಿ.

ವರ್ಷಗಟ್ಟಲೆ ಸುಮ್ಮನಿದ್ದ ಸೆಟ್ಟನ್ನು ನೇರ ಆನ್ ಮಾಡಬೇಡಿ. ನಮ್ಮ ಊರಿನ ಮೆಕ್ಯಾನಿಕ್‌ಗಳೆಲ್ಲ ಬಳಸುವ ಸೀರೀಸ್ ಬೋರ್ಡ್ ಇದಕ್ಕೆ ಅತ್ಯುತ್ತಮ. ಸೆಟ್ಟಿಗೆ ಹೋಗುವ ಕರೆಂಟಿನ ದಾರಿಯಲ್ಲಿ 60 ಅಥವಾ 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್ ಇರುತ್ತೆ, ಅಷ್ಟೇ. ಎಲ್‌ಇಡಿ ಬಲ್ಬ್ ಹಾಕಿದರೆ ಪ್ರಯೋಜನ ಇಲ್ಲ. ಆನ್ ಮಾಡಿದಾಗ ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಒಳ್ಳೆ ಲಕ್ಷಣ. ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ. ಸಂಜೆ ಕರೆಂಟ್ ಕೆಲಸ ಬಲ್ಲವರ ಜೊತೆ ಕೂತು ಈ ಬೋರ್ಡ್ ಮಾಡಿಕೊಳ್ಳಿ, ಅಂದಾಜಿನ ಮೇಲೆ ಒಬ್ಬರೇ ವೈರ್ ಜೋಡಿಸಬೇಡಿ.

ಏನು ಕೆಡುತ್ತೆ, ಹೇಗೆ ಸರಿ ಮಾಡೋದು?

ಹಳೇ ಸೆಟ್‌ನ ಅರ್ಧ ಕಾಯಿಲೆ ಬರೀ ಕೊಳೆ. ವಾಲ್ಯೂಮ್ ತಿರುಗಿಸಿದರೆ ಕರಕರ, ಒಂದು ಕಡೆ ದನಿ ಹೋಗಿ ಬರೋದು, ಸ್ವಿಚ್ ಒತ್ತಿದಾಗಷ್ಟೇ ಹಾಡೋದು. ಇವೆಲ್ಲ ಸಾಮಾನ್ಯವಾಗಿ ಗುಂಡಿಯೊಳಗಿನ ಲೋಹ ಮಂಕಾಗಿದ್ದರಿಂದ. ಸೆಟ್ ಆಫ್ ಇರುವಾಗ ಎಲೆಕ್ಟ್ರಾನಿಕ್ಸ್‌ಗೆಂದೇ ಇರುವ ಕಾಂಟ್ಯಾಕ್ಟ್ ಕ್ಲೀನರನ್ನು ವಾಲ್ಯೂಮ್ ಕಂಟ್ರೋಲಿನ ಸಂದಿಗೆ ಸ್ವಲ್ಪ ಹೊಡೆದು ಮೂವತ್ತು-ನಲವತ್ತು ಸಲ ಈ ತುದಿಯಿಂದ ಆ ತುದಿಗೆ ತಿರುಗಿಸಿ. ಪೂರ್ತಿ ಒಣಗಿದ ಮೇಲೆ ಆನ್ ಮಾಡಿ. ಪೆಟ್ರೋಲ್, ಸೀಮೆಎಣ್ಣೆ, ತುಕ್ಕು ಬಿಡಿಸುವ ಸಾಮಾನ್ಯ ಸ್ಪ್ರೇ ಬೇಡವೇ ಬೇಡ.

ಮುಂದಿನದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಇದರೊಳಗೆ ಒದ್ದೆ ರಾಸಾಯನಿಕ ಇರುತ್ತೆ, ಕಾಲ ಕಳೆದ ಹಾಗೆ ಒಣಗುತ್ತೆ. ಅದರ ಆಯುಷ್ಯಕ್ಕೆ ಒಂದು ಅಂದಾಜು ಲೆಕ್ಕವಿದೆ: ಬಿಸಿ 10 ಡಿಗ್ರಿ ಇಳಿದರೆ ಆಯುಷ್ಯ ಎರಡು ಪಟ್ಟು. 85 ಡಿಗ್ರಿಯಲ್ಲಿ 2000 ಗಂಟೆ ಬಾಳುವ ಕೆಪಾಸಿಟರ್ 45 ಡಿಗ್ರಿಯಲ್ಲಿ 32,000 ಗಂಟೆ ಬಾಳಬೇಕು. ದಿನಕ್ಕೆ ನಾಲ್ಕು ಗಂಟೆ ಹಾಡಿದರೆ ಸುಮಾರು 22 ವರ್ಷ. ಅಂದ್ರೆ 45 ವರ್ಷದ ಸೆಟ್‌ನ ಕೆಪಾಸಿಟರ್ ಸೋತಿದ್ದರೆ ಅದು ಅದರ ತಪ್ಪಲ್ಲ, ಪಾಪ, ಎರಡು ಜನ್ಮದ ಕೆಲಸ ಮಾಡಿದೆ.

ಬದಲಿಸುವಾಗ ನಾಲ್ಕು ಮಾತು. ಮೈಕ್ರೋಫ್ಯಾರಡ್ ಅಷ್ಟೇ ಇರಲಿ. ವೋಲ್ಟ್ ಅಷ್ಟೇ ಅಥವಾ ಹೆಚ್ಚಿರಲಿ, ಕಡಿಮೆ ಬೇಡ. 105 ಡಿಗ್ರಿಯದ್ದು ಕೊಳ್ಳಿ. ಪ್ಲಸ್-ಮೈನಸ್ ತಿರುಗಿಸಿ ಹಾಕಿದರೆ ಅದು ಸಿಡಿಯುತ್ತೆ. ಬಿಚ್ಚುವ ಮುಂಚೆ ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆದಿಡಿ. ಒಂದು ಕಿತ್ತು ಒಂದು ಹಾಕಿ, ಎಲ್ಲ ಒಟ್ಟಿಗೆ ಕೀಳಬೇಡಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇವೆಲ್ಲ ಕೆಲವೇ ರೂಪಾಯಿಗೆ ಸಿಗುತ್ತೆ. ಆದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಕೊಳ್ಳುವಾಗ ಹುಷಾರು. 2ಎನ್3055ನಂಥ ಹೆಸರಾಂತ ನಂಬರುಗಳಿಗೆ ನಕಲಿ ಬಹಳ. ಬಿಲ್ ಕೊಡುವ, ನಂಬಿಕೆಯ ವಿತರಕರಿಂದ ತನ್ನಿ.

ಸ್ಪೀಕರ್ ಜೋಡಿಸೋಕೆ ಮುಂಚೆ ಇನ್ನೊಂದು ಪರೀಕ್ಷೆ. ವಾಲ್ಯೂಮ್ ಸೊನ್ನೆಗೆ ಇಟ್ಟು, ಸೆಟ್ಟನ್ನು ಹತ್ತು ನಿಮಿಷ ಓಡಿಸಿ, ಸ್ಪೀಕರ್ ತೂತುಗಳಲ್ಲಿ ಡಿ.ಸಿ. ವೋಲ್ಟೇಜ್ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಸರಿ. ವೋಲ್ಟ್‌ಗಟ್ಟಲೆ ಬಂದರೆ ಸ್ಪೀಕರ್ ಹಾಕಬೇಡಿ, ಅದರ ಕಾಯಿಲ್ ಸುಟ್ಟುಹೋಗುತ್ತೆ. ಇಂಥ ಕಡೆ ಅನುಭವಿ ಮೆಕ್ಯಾನಿಕ್ ಹತ್ತಿರ ಹೋಗೋದೇ ಸರಿ.

ಹೋದಾಗ ಅವರ ಕೂಲಿಯ ಬಗ್ಗೆ ಚೌಕಾಸಿ ಮಾಡಬೇಡಿ. ಫೋನಿಗೆ ಅರವತ್ತು ಸಾವಿರ ಕೊಡುವ ಕೈ, ಎರಡು ದಿನ ಕೂತು ಸತ್ತ ಚಾನೆಲ್ ಎಬ್ಬಿಸಿದವರಿಗೆ ಐನೂರು ಕೊಡೋಕೆ ಹಿಂದೆಮುಂದೆ ನೋಡುತ್ತೆ. ಈ ಕಸುಬು ಕಲಿತವರಲ್ಲಿ ಎಷ್ಟೋ ಜನ ಕಾಲೇಜಿಗೆ ಹೋದವರಲ್ಲ, ಅಂಗಡಿಯಲ್ಲಿ ಹುಡುಗರಾಗಿ ಸೇರಿ ಕಣ್ಣು-ಕೈಯಿಂದ ಕಲಿತವರು. ನಾನು ಕಲಿತ ಅರ್ಧ ಪಾಠ ಅಂಥ ಒಬ್ಬ ಹಿರಿಯರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ಕಲಿತದ್ದು. ಮೀಟರ್ ಮುಟ್ಟೋಕೆ ಮುಂಚೆ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: “ಕೆಡೋಕೆ ಮುಂಚೆ ಏನಾಯ್ತು ಹೇಳಪ್ಪ.” ಡಾಕ್ಟರ್ ಕೇಳೋ ಪ್ರಶ್ನೆ ಅದು.

ಸ್ಪೀಕರ್ ಮತ್ತು ಟರ್ನ್‌ಟೇಬಲ್

ಸ್ಪೀಕರ್ ಬದುಕಿದೆಯೇ ನೋಡೋಕೆ ಒಂದು ಪೆನ್ಸಿಲ್ ಸೆಲ್ ಸಾಕು. 1.5 ವೋಲ್ಟಿನ ಸೆಲ್ಲನ್ನು ವೈರಿನ ತುದಿಗೆ ಕ್ಷಣಮಾತ್ರ ತಾಗಿಸಿದರೆ ‘ಟಪ್’ ಅಂತ ಸದ್ದಾಗಿ ಕೋನ್ ಅಲುಗಬೇಕು. ಕೋನ್ ಸುತ್ತ ಫೋಮ್ ಅಂಚಿದ್ದರೆ ಹದಿನೈದು-ಇಪ್ಪತ್ತು ವರ್ಷಕ್ಕೆ ಪುಡಿಯಾಗುತ್ತೆ, ನಮ್ಮ ಕರಾವಳಿಯ ತೇವಕ್ಕೆ ಇನ್ನೂ ಬೇಗ. ಬಟ್ಟೆ, ರಬ್ಬರ್ ಅಂಚು ಹೆಚ್ಚು ಬಾಳುತ್ತೆ. ಫೋಮ್ ಪುಡಿಯಾದ ಮಾತ್ರಕ್ಕೆ ಸ್ಪೀಕರ್ ಎಸೆಯಬೇಡಿ. ಜಾತ್ರೆ, ಮದುವೆ, ಹೋರಾಟದ ಸಭೆಗಳಿಗೆ ಮೈಕ್ ಸೆಟ್ ಬಾಡಿಗೆ ಕೊಡುವವರನ್ನು ಕೇಳಿ. ಅವರ ಸ್ಪೀಕರ್‌ಗಳು ಹರಿಯುತ್ತಲೇ ಇರುತ್ತವೆ, ಕೋನ್ ಕೂರಿಸಿಕೊಡುವ ಕೈ ಎಲ್ಲಿದೆ ಅಂತ ಅವರಿಗೆ ಗೊತ್ತಿರುತ್ತೆ.

ಟರ್ನ್‌ಟೇಬಲ್‌ನಲ್ಲಿ ಸಾಮಾನ್ಯವಾಗಿ ಸವೆಯೋದು ಎರಡು: ರಬ್ಬರ್ ಬೆಲ್ಟ್ ಮತ್ತು ಸೂಜಿ. ವಜ್ರದ ಸೂಜಿ 500ರಿಂದ 1000 ಗಂಟೆ ಬಾಳುತ್ತೆ. ಸವೆದ ಸೂಜಿ ತಟ್ಟೆಯನ್ನೇ ಕೆರೆದು ಹಾಕುತ್ತೆ, ಅಲ್ಲಿ ಉಳಿತಾಯ ಮಾಡಬೇಡಿ. ಒಳ್ಳೆ ಮ್ಯಾಗ್ನೆಟ್ ಕಾರ್ಟ್ರಿಜ್‌ಗಳಲ್ಲಿ ಸೂಜಿಯ ಭಾರ ಹೆಚ್ಚಾಗಿ 1.5ರಿಂದ 2 ಗ್ರಾಂ ಆಸುಪಾಸು. ಚಿಕ್ಕ ತಕ್ಕಡಿಯಲ್ಲಿ ತೂಗಿ ಹೊಂದಿಸಿ. ಟರ್ನ್‌ಟೇಬಲ್ ವೈರನ್ನು ಆಂಪ್ಲಿಫೈಯರಿನ ‘ಫೋನೊ’ ತೂತಿಗೇ ಹಾಕಬೇಕು. ರೆಕಾರ್ಡ್ ಕತ್ತರಿಸುವಾಗ ದಪ್ಪ ಸ್ವರ ಇಳಿಸಿ, ತೆಳು ಸ್ವರ ಏರಿಸಿರುತ್ತಾರೆ. ಅದನ್ನು ಮತ್ತೆ ಸರಿದೂಗಿಸುವ ಸರ್ಕ್ಯೂಟ್ ಇರೋದು ಅಲ್ಲೇ.

78 ಸುತ್ತಿನ ತಟ್ಟೆಗೆ ಎಲ್‌ಪಿ ಸೂಜಿ ಹಾಕಬೇಡಿ, ಅದರ ಗೆರೆ ಅಗಲ. ಅದಕ್ಕೆ ಬೇರೆಯೇ ದಪ್ಪ ಸೂಜಿ ಬರುತ್ತೆ. ಅರಗಿನ ತಟ್ಟೆಗೆ ಸ್ಪಿರಿಟ್ ಹಚ್ಚಿ ಒರೆಸಲೂಬೇಡಿ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತೆ, ಹಾಡು ನಿಮ್ಮ ಬಟ್ಟೆಗೆ ಅಂಟಿಕೊಂಡು ಬರುತ್ತೆ.

ಕೇಳುವ ಸುಖ

ಇಷ್ಟೆಲ್ಲ ಪಾಡು ಯಾಕೆ? ಕೇಳೋಕೆ. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಮೂರೂ ಸಮ ತ್ರಿಕೋನವಾಗುವ ಹಾಗೆ ಕೂರಿ. ಸ್ಪೀಕರ್ ನಿಮ್ಮ ಕಿವಿಯ ಎತ್ತರಕ್ಕಿರಲಿ, ಗೋಡೆಗೆ ಅಂಟಿಸಬೇಡಿ. ಒಂದು ಸಾದಾ ವೈರ್ ತಂದು ಫೋನನ್ನೂ ‘ಆಕ್ಸ್’ ತೂತಿಗೆ ಜೋಡಿಸಬಹುದು, ಎಲ್‌ಪಿ ಇರಲೇಬೇಕು ಅನ್ನೋ ಮಡಿವಂತಿಕೆ ಬೇಡ. ಹೀಗೆ ಕೂತು ಮಲ್ಲಿಕಾರ್ಜುನ ಮನ್ಸೂರರನ್ನೋ ಗಂಗೂಬಾಯಿ ಹಾನಗಲ್ಲರನ್ನೋ ಕೇಳಿ. ತಂಬೂರಿ ಎಲ್ಲಿದೆ, ತಬಲಾ ಎಷ್ಟು ಹಿಂದಿದೆ, ಉಸಿರು ಎಲ್ಲಿ ತೆಗೆದುಕೊಂಡರು ಎಲ್ಲ ಸಿಗುತ್ತೆ. ಇನ್ನೊಂದು ಲಾಭವೂ ಇದೆ. ತಟ್ಟೆಯ ಒಂದು ಬದಿ ಮುಗಿಯುವ ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ನೀವು ಏನು ಕೇಳಿದಿರಿ, ಎಷ್ಟು ಹೊತ್ತು ಕೇಳಿದಿರಿ ಅಂತ ಯಾವ ಕಂಪನಿಯೂ ಬರೆದಿಟ್ಟುಕೊಳ್ಳಲ್ಲ.

ಆದರೆ ಹಳೆಯದೆಲ್ಲ ಚಿನ್ನ ಅನ್ನೋದೂ ಸುಳ್ಳು. ಇವತ್ತಿನ ಕ್ಲಾಸ್-ಡಿ ಚಿಪ್ ಆಂಪ್ಲಿಫೈಯರ್ ಅಂಗೈಯಷ್ಟಿದ್ದರೂ ಅಳತೆಯಲ್ಲಿ ಎಷ್ಟೋ ಹಳೇ ಸೆಟ್‌ಗಳನ್ನು ಮೀರಿಸುತ್ತೆ, ಕರೆಂಟೂ ಕಡಿಮೆ ತಿನ್ನುತ್ತೆ. ಹಳೆಯದು ಸುಮ್ಮನೆ ಕೂತಾಗಲೂ 20, 30 ವ್ಯಾಟ್ ಬಿಸಿ ಮಾಡುತ್ತಿರುತ್ತೆ. ‘ವಿಂಟೇಜ್’ ಅಂತ ಹಣೆಪಟ್ಟಿ ಹಚ್ಚಿ ಮೂರು ಪಟ್ಟು ಬೆಲೆ ಹೇಳುವವರು, ಚಿನ್ನದ ಬೆಲೆಗೆ ಕೇಬಲ್ ಮಾರುವವರು ಈ ಹವ್ಯಾಸದಲ್ಲಿ ಬೇಕಾದಷ್ಟಿದ್ದಾರೆ. ನಂಬಬೇಡಿ. ಹಳೇ ಸೆಟ್‌ನಿಂದ ಇವತ್ತಿನವರು ಕಲಿಯಬೇಕಾದ ಗುಣ ಅದರ ದನಿಗಿಂತ ಹೆಚ್ಚಾಗಿ ಅದರ ಸ್ಕ್ರೂ.

ಸ್ಕ್ರೂ ಬಿಚ್ಚುವ ಹಕ್ಕು

ವಿಶ್ವಸಂಸ್ಥೆಯ ಸಂಸ್ಥೆಗಳ 2024ರ ವರದಿ ಪ್ರಕಾರ 2022ರಲ್ಲಿ ಜಗತ್ತು ಎಸೆದ ಇ-ತ್ಯಾಜ್ಯ 62 ದಶಲಕ್ಷ ಟನ್. ಅದರಲ್ಲಿ ಸರಿಯಾದ ಕ್ರಮದಲ್ಲಿ ಸಂಗ್ರಹಿಸಿ ಮರುಬಳಕೆಗೆ ಹೋದದ್ದು ಶೇ. 22.3 ಮಾತ್ರ. ಉಳಿದದ್ದರ ದೊಡ್ಡ ಪಾಲನ್ನು ಬರಿಗೈಯಲ್ಲಿ ಒಡೆದು, ವೈರ್ ಸುಟ್ಟು ತಾಮ್ರ ತೆಗೆಯುವವರು ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ. ನಮ್ಮ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಹೊಸ ರೂಪದಲ್ಲಿ ಜಾರಿಗೆ ಬಂದಿವೆ. ಅವುಗಳ ಮುಖ್ಯ ಒತ್ತು ಎಸೆದ ಮೇಲೆ ಏನು ಮಾಡಬೇಕು ಅನ್ನೋದರ ಮೇಲೆ. ಎಸೆಯದೇ ಇರೋದು ಹೇಗೆ ಅನ್ನೋದು ಬೇರೆ ಪ್ರಶ್ನೆ.

ಆ ಪ್ರಶ್ನೆಗೆ ಫ್ರಾನ್ಸ್ ಒಂದು ದಾರಿ ತೋರಿಸಿತು. 2021ರಲ್ಲಿ ಅಲ್ಲಿ ಫೋನ್, ಲ್ಯಾಪ್‌ಟಾಪ್, ಟಿ.ವಿ.ಯಂಥ ಕೆಲವು ವಸ್ತುಗಳಿಗೆ ಹತ್ತಕ್ಕೆ ಎಷ್ಟು ರಿಪೇರಿ ಅಂಕ ಅಂತ ತೋರಿಸಲೇಬೇಕು ಅನ್ನೋ ನಿಯಮ ಜಾರಿಗೆ ಬಂತು. ನಮ್ಮಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಸಮಿತಿ ಮಾಡಿತು. ಕೃಷಿ ಯಂತ್ರ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ಕ್ಷೇತ್ರ ಗುರುತಿಸಿತು. ಅದೇ ಡಿಸೆಂಬರ್ 24ರಂದು ಒಂದು ಪೋರ್ಟಲ್ ತೆರೆಯಿತು. ಪೋರ್ಟಲ್ ಒಳ್ಳೆಯದೇ. ಆದರೆ ಕಂಪನಿ ತನಗೆ ಇಷ್ಟ ಬಂದಷ್ಟು ಮಾಹಿತಿ ಹಾಕೋದಕ್ಕೂ, ಹಾಕದಿದ್ದರೆ ದಂಡ ಕಟ್ಟೋದಕ್ಕೂ ಅಜಗಜಾಂತರ.

ಸರ್ಕ್ಯೂಟ್ ಚಿತ್ರ ಕೊಟ್ಟರೆ ಕಂಪನಿ ಮುಳುಗುತ್ತೆ ಅನ್ನುತ್ತಾರೆ. ಚಿತ್ರ ಕೊಟ್ಟೇ ಜಪಾನಿ ಕಂಪನಿಗಳು ಜಗತ್ತಿಗೆಲ್ಲ ಸೆಟ್ ಮಾರಿದವು. ಬಿಚ್ಚಿದರೆ ಅಪಾಯ ಅನ್ನುತ್ತಾರೆ. ಲಿಥಿಯಂ ಬ್ಯಾಟರಿಯ ಅಪಾಯ ನಿಜ, ಆದರೆ ಬ್ಯಾಟರಿಯನ್ನು ಸುರಕ್ಷಿತವಾಗಿ ತೆಗೆಯುವ ಹಾಗೆ ಕೂರಿಸಿದರೆ ಆ ಅಪಾಯ ಇಳಿಯುತ್ತೆ, ಅಂಟಿಸಿದರೆ ಏರುತ್ತೆ. ಹಾಗಾಗಿ ನಮ್ಮ ಬೇಡಿಕೆ ಸರಳವಾಗಿರಲಿ: ಸ್ಕ್ರೂ ಇರಲಿ, ಬಿಡಿಭಾಗ ಸಿಗಲಿ, ಮ್ಯಾನ್ಯುಯಲ್ ಎಲ್ಲರಿಗೂ ತೆರೆದಿರಲಿ, ಬೀದಿಯ ಮೆಕ್ಯಾನಿಕ್‌ಗೂ ಕಂಪನಿಯ ಸರ್ವಿಸ್ ಸೆಂಟರಿಗೂ ಒಂದೇ ಮಾಹಿತಿ ಸಿಗಲಿ.

ಅದು ಕಾನೂನಾಗುವವರೆಗೆ ಒಂದು ಕೆಲಸ ಮಾಡಬಹುದು. ಮುಂದಿನ ಸಲ ಸ್ಪೀಕರ್ ಕೊಳ್ಳೋಕೆ ಹೋದಾಗ ವ್ಯಾಟ್ ಎಷ್ಟು ಅಂತ ಕೇಳೋದರ ಜೊತೆಗೆ ‘ಇದನ್ನು ಬಿಚ್ಚೋದು ಹೇಗೆ, ಬ್ಯಾಟರಿ ಬೇರೆ ಸಿಗುತ್ತಾ?’ ಅಂತಲೂ ಕೇಳಿ. ಅಂಗಡಿಯವರು ತಬ್ಬಿಬ್ಬಾಗುತ್ತಾರೆ. ಆಗಲಿ ಬಿಡಿ. ಹತ್ತು ಜನ ಕೇಳಿದರೆ ಅವರು ವಿತರಕರನ್ನು ಕೇಳುತ್ತಾರೆ.